ಸೋಡಾಕ್ಕ ಕೊಸರು

ಸಾವಿರದ ಒಂಬೈನೂರಾ ಎಂಬತ್ಮೂರರಲ್ಲಿ ದೇವದುರ್ಗದ ಹನ್ನೆರಡು ಹೆಂಗಸರು ಮಾಡಿದ ಸಾಬೂನಿನ ನೊರೆ ಕೃಷ್ಣೆಗೆ ಸೇರಿ, ದೇವಸುಗೂರಿನ ತನಕ ಹರಿದು, ಅಲ್ಲಿ ನೀರಿಗಿಳಿದ ನೂರಾ ಎಂಟು ಎಮ್ಮೆಗಳು ಬೆಳ್ಳಗಿನ ಆಕಳಾಗಿ ದಡ ಹತ್ತಿದವು! ಸುಳ್ಳು ಅನ್ನುವವರು ಆ ಎಮ್ಮೆಗಳನ್ನೇ ಕೇಳಿಕೊಳ್ಳಿ.

ಆ ಸಾಬೂನು ಕಲಿಸಲು ರಾಯಚೂರಿನಿಂದ ಬಂದವನೇ ಪರಮಣ್ಣ. ಆರೂವರೆ ಅಡಿ ಆಳು. ಅವನು ಇಳಿದರೆ ಬಸ್ಸು ಹಗುರಾಗಿ ಎರಡು ಗೇಣು ಮೇಲೇಳುತ್ತಿತ್ತು!

ಮೊದಲ ದಿನ. ಮಹಿಳಾ ಮಂಡಳದ ಅಂಗಳ. ಪಿಂಗಾಣಿ ತಟ್ಟೆಯಲ್ಲಿ ಬೆಳ್ಳಗೆ ಕಾಸ್ಟಿಕ್ ಸೋಡಾ.

“ಸಕ್ಕರಿ ಇದ್ದಂಗ ಅದಲ್ಲ...” ಎನ್ನುತ್ತ ಒಬ್ಬಳು ಕೈ ಚಾಚಿದಳು.

ಗಪ್ಪನೆ ಅವಳ ಮುಂಗೈ ಹಿಡಿದ ಪರಮಣ್ಣ!

ಹುಡುಗಿ ಕೈ ಜಗ್ಗಿದಳು.

“ಕೈ ಬಿಡ್ರಿ!”

“ಸೋಡಾ ರೀ ಅದು! ಮುಟ್ಟಿದ್ರ ತೊಗಲು ಸುಲೀತದ!”

“ಅದಕ್ಕ ಮೊದಲು ನೀವು ಸುಲೀತೀರೇನು?”

“ಯಾ ಅಲ್ಲಾ!” ಹಿಂದಿನಿಂದ ಹೀರಾಬಿ ನಕ್ಕಳು. “ಮಾಸ್ತರು ಸೋಡಾ ಬಿಟ್ಟು ಹುಡುಗೀನ ಹಿಡಕೊಂಡಾರ. ಇನ್ನ ಸಾಬೂನು ಆದಂಗ!”

ಪರಮಣ್ಣ ಕೈ ಬಿಟ್ಟ. ಆದರೆ ಅಯ್ಯಮ್ಮನ ಮುಂಗೈಯಲ್ಲಿ ಆ ಬಿಸಿ ಸಂಜೆಯ ತನಕ ಉಳಿಯಿತು... ‘ಥೂ, ಏನಿದು ನನಗ?’

ಅಯ್ಯಮ್ಮ, ಕುರಿಹಟ್ಟಿಯ ಸಿದ್ದರಾಮಪ್ಪನ ಮಗಳು. ಈ ತರಗತಿಯಲ್ಲಿ ಗೆದ್ದವಳನ್ನು ಮಾನ್ವಿಗೆ ಕಳಿಸುತ್ತಾರೆ, ಅಲ್ಲಿನ ಹೆಂಗಸರಿಗೆ ಸಾಬೂನು ಕಲಿಸಲು. ‘ಅಯ್ಯಮ್ಮ ಟೀಚರ್’! ಅವಳು ಕನಸಲ್ಲೂ ಅದನ್ನೇ ಕೇಳುತ್ತಿದ್ದಳು. ಸಿಗದಿದ್ದರೆ ಅಪ್ಪನ ಮಾತು ಒಂದೇ, “ಮತ್ತ ಕುರಿ ಹಿಂದ ನಡಿ.”

ಗೆಲ್ಲುವುದು ಸುಲಭವಲ್ಲ. ತಿಂಗಳು ಒಣಗಿದ ಸಾಬೂನನ್ನು ಮಾಸ್ತರು ನಾಲಗೆಗೆ ಮುಟ್ಟಿಸಿ ನೋಡುತ್ತಾರೆ. ಚುರ್ರೆಂದರೆ ಸೋಡಾ ಹೆಚ್ಚಾಗಿದೆ. ಅಂಥವಳ ಹೆಸರು ಪಟ್ಟಿಯಿಂದ ಹೊರಗೆ.

ಅಯ್ಯಮ್ಮ ತಕ್ಕಡಿಯಲ್ಲಿ ಸೋಡಾವನ್ನು ಕಣ್ಣಲ್ಲಿ ಕಣ್ಣಿಟ್ಟು ತೂಗಿದಳು. ಮುಳ್ಳು ಸರಿಯಾಗಿ ನಿಂತಿತು. ಆಮೇಲೆ... ಅವಳ ಕೈ ತಾನಾಗಿಯೇ ಇನ್ನೊಂದು ಚಮಚ ಎತ್ತಿ ಹಾಕಿತು!

ಅವಳ ತಪ್ಪಲ್ಲ. ಅವ್ವ ಭೀಮವ್ವ ಸಂತೆಯಲ್ಲಿ ಶೇಂಗಾ ಮಾರುವವಳು. ಅಳೆದು ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಆ ಮನೆಯವರ ಕೈಗೆ ಸಮಾಧಾನವಿಲ್ಲ. ಹಾಕಿದ್ದು ಅಯ್ಯಮ್ಮನಿಗೇ ಗೊತ್ತಾಗಲಿಲ್ಲ.

ಪರೀಕ್ಷೆಯ ದಿನ ಬಂತು.

ಪರಮಣ್ಣ ಹೀರಾಬಿಯದ್ದು ನೆಕ್ಕಿದ. “ಚಲೋ ಅದ.” ದುರುಗಮ್ಮನದ್ದು ನೆಕ್ಕಿದ. “ಭಾಳ ಚಲೋ.” ಹೀಗೆ ಹನ್ನೊಂದು ಸಾಬೂನು!

ಅಯ್ಯಮ್ಮನ ಸಾಬೂನು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದು ನೋಡುವವನಂತೆ ಕಿಟಕಿಯ ಕಡೆ ತಿರುಗಿದ. ಒಂದು ಕ್ಷಣ... ಎರಡು ಕ್ಷಣ... ಸಾಬೂನನ್ನು ಕಿಸೆಗೆ ಹಾಕಿಕೊಂಡವನೇ ಬಾಯಿಗೆ ಟವೆಲು ಒತ್ತಿ ಹೊರಟೇಬಿಟ್ಟ!

ಒಂದು ಮಾತಿಲ್ಲ. ಹಿಂದಿರುಗಿ ನೋಡಲಿಲ್ಲ.

‘ಎಲ್ಲಾರದೂ ನಾಲಿಗಿಗೆ ಹಚ್ಚಿದ. ನಂದು...?’ ಅಯ್ಯಮ್ಮನ ಕಣ್ಣು ತುಂಬಿದವು. ‘ಕುರಿ ಕಾಯೋರ ಕೈ ಅಂತ ಹೇಸಿಕೊಂಡನಾ?’

ಮರುದಿನ ಬಂದ, ಮಾತಿಲ್ಲ. ಅದರ ಮರುದಿನ, ಇಲ್ಲ. ಅವಳು ಎದುರಾದರೆ ಗೋಡೆ ನೋಡುತ್ತಿದ್ದ. ಐದು ದಿನ ಹೀಗೇ! ಆರನೆಯ ದಿನ ಪಟ್ಟಿ ಹಿಡಿದು ರಾಯಚೂರಿಗೆ ಹೊರಟ.

ಅಯ್ಯಮ್ಮ ಬಸ್ ಸ್ಟ್ಯಾಂಡಿಗೇ ಓಡಿದಳು.

“ಮಾಸ್ತರ! ನಮ್ಮನಿ ಕೈಯಾಗಿಂದು ನಿಮ್ಮ ನಾಲಿಗಿಗೆ ಹತ್ತಬಾರದೇನು? ಖರೇ ಹೇಳ್ರಿ!”

ಆಗ ಪರಮಣ್ಣ ಎದೆ ಮುಂದೆ ಮಾಡಿ ನಿಂತ. “ಅಯ್ಯಮ್ಮಾ! ನಿನ್ನ ಸಲುವಾಗಿ ವಿಷನಾದ್ರೂ ನೆಕ್ಕೇನು!” ಎಂದು ಶುರುಮಾಡಿ ಒಂದು ತಾಸು ಮಾತಾಡಿದ. ಬಸ್ಸು ನಿಂತೇ ಇತ್ತು. ಕಂಡಕ್ಟರ್ ಹುಸೇನಪೀರ ಬಿಕ್ಕಿ ಬಿಕ್ಕಿ ಅತ್ತ. ಜಾಲಹಳ್ಳಿಯಿಂದ ಜನ ಓಡೋಡಿ ಬಂದು...

“ಏನ್ರಿ, ಯಾರಿವ ಆರೂವರಿ ಅಡಿ?”

ಅಯ್ಯೋ... ಬೆನ್ನ ಹಿಂದೆ ಬಳೆ ಸದ್ದು! ಯಾವಾಗಿಂದ ಓದುತ್ತ ನಿಂತಿದ್ದಾಳೋ ನನ್ನ ಹೆಂಡತಿ...

“ಅಯ್ಯಮ್ಮಾ, ಕಥಿ ಅಂದ್ರ ಸ್ವಲ್ಪ ಹಿಂಗ...”

“ಐದಡಿ ಎರಡಿಂಚು ಅದೀರಿ. ಬಸ್ ಸ್ಟ್ಯಾಂಡಿನಾಗ ಒಂದು ತಾಸು ಮಾತಾಡಿದ್ರಿ?”

ಸಿಕ್ಕಿಬಿದ್ದೆ, ಓದುಗರೇ. ಆ ಪರಮಣ್ಣ ನಾನೇ.

ಸಾಬೂನು ವಿದ್ಯೆ ನಾನು ರಾಯಚೂರಿನಲ್ಲಿ ಕಲಿತದ್ದು ಬರೀ ಎಂಟು ದಿನ. ಹೆಂಗಸರಿಗಿಂತ ಒಂದೇ ಪಾಠ ಮುಂದಿದ್ದೆ. ಕೃಷ್ಣೆಗೆ ನೊರೆ ಹೋಗಿಲ್ಲ, ಮಂಡಳದ ಹಿಂದಿನ ಚರಂಡಿಯಲ್ಲಿ ಒಂದು ಎಮ್ಮೆ ಜಾರಿತ್ತು. ಅಷ್ಟೆ.

ಬಸ್ ಸ್ಟ್ಯಾಂಡಿನಲ್ಲಿ ನಾನು ಒಂದಕ್ಷರ ಆಡಲಿಲ್ಲ. ನಾಲಗೆ ಚಾಚಿ ತೋರಿಸಿದೆ. ತುದಿಯಲ್ಲಿ ಸುಟ್ಟ ಕಲೆ. ಕಿಸೆಯಿಂದ ಅವಳ ಸಾಬೂನು ತೆಗೆದೆ, ಪಟ್ಟಿಯನ್ನೂ ತೋರಿಸಿದೆ. ಅವಳ ಹೆಸರು ಹೊಡೆದುಹಾಕಿರಲಿಲ್ಲ.

“ಚುರ್ ಅಂತೇನ್ರಿ?” ಅಂದಳು. ನಾನು ಹೌದೆಂದು ತಲೆಯಾಡಿಸಿದೆ. ಅವ್ವನ ಕೊಸರಿನ ಕೈ ಅವಳಿಗೆ ಆಗ ನೆನಪಾಯಿತು.

ಬಸ್ಸು ಹೋಯಿತು. ಅವಳು ನನ್ನನ್ನು ಮಂಡಳಕ್ಕೆ ಕರೆದೊಯ್ದಳು. ಎಲ್ಲರೆದುರು “ನಾ ಸೋಡಾಕ್ಕ ಕೊಸರು ಹಾಕೀನವ್ವಾ” ಎಂದು ತಾನೇ ಒಪ್ಪಿಕೊಂಡು, ಸಾಬೂನು ಕರಗಿಸಿ, ಎಣ್ಣೆ ಸೇರಿಸಿ, ಮತ್ತೆ ಅಚ್ಚಿಗೆ ಸುರಿದಳು. ಒಣಗಿದ ಮೇಲೆ ಹೀರಾಬಿಯೇ ನೆಕ್ಕಿ ಹೇಳಿದಳು, “ಮಾನ್ವಿಗೆ ಇಕಿನ್ನೇ ಕಳಸ್ರಿ. ತಪ್ಪು ಮಾಡಿದಾಕಿಗೇ ತಪ್ಪು ಎಲ್ಲಿ ಆಗ್ತದ ಅಂತ ಗೊತ್ತು.”

ಮದುವೆ ಆಗೋಣ ಎಂದು ಕೇಳಿದವಳೂ ಅವಳೇ. ನಾನು ಆಗಲೂ ತಲೆಯಾಡಿಸಿದ್ದೆ. ಜಾಲಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ನಮ್ಮಪ್ಪ ಹಿಗ್ಗಿ ಕುಣಿದ.

ಅಯ್ಯಮ್ಮ ಈಗ ಕುರ್ಚಿ ಎಳೆದು ನನ್ನ ಪಕ್ಕ ಕೂತಿದ್ದಾಳೆ.

“ನಾಲಿಗಿ ಉರಿ ಎಷ್ಟ ದಿನಕ್ಕ ಹೋತು? ಖರೇ ಹೇಳ್ರಿ.”

“...ಎರಡ ದಿನಕ್ಕ.”

“ಮತ್ತ ಐದ ದಿನ ಯಾಕ ಮೂಕ ಆಗಿದ್ರಿ?”

“ನೀ ಎದುರಿಗಿದ್ದೆಲ್ಲ... ಮಾತ ಬರಲಿಲ್ಲ ನನಗ.”

ಅವಳು ನನ್ನ ಮುಖಕ್ಕೆ ಕಣ್ಣು ನೆಟ್ಟು ನೋಡಿದಳು.

“ಈ ಮಾತಿಗೇನೂ ಕೊಸರು ಹಾಕಿಲ್ಲಲ್ಲ?”

“ಇಲ್ಲ. ಇದು ತೂಕಕ್ಕ ಸರಿಯಾಗಿ ಅದ.”

“ಹಂಗಾರ ಬರ್ಕೊಳ್ರಿ,” ಎಂದು ನನ್ನ ಮುಂಗೈ ಹಿಡಿದಳು.