ಮಂಚಿಕೇರಿಯಲ್ಲಿ ಹತ್ತು ನಿಮಿಷ

"ಆಧಾರ್ ಕಾರ್ಡ್ ತೋರ್ಸಿ ಮೇಡಂ."

ಭೂಮಿಕಾ ಕಿಟಕಿಯಿಂದ ಮುಖ ತಿರುಗಿಸಿದಳು. ಟಿಕೆಟ್ ಮಷಿನ್ ಹಿಡಿದು ನಿಂತಿದ್ದ ಕಂಡಕ್ಟರ್ ಅವಳ ಗಂಡ ಉಲ್ಲಾಸನೇ.

"ಹೆಂಡ್ತಿ ಹತ್ರನೂ ಕೇಳ್ತೀರಾ?"

"ತಿಂಗಳಾಯ್ತಲ್ಲ ನೋಡದೆ, ಗುರುತು ಸಿಗ್ಬೇಕಲ್ಲ."

ತಮಾಷೆಗೆಂದೇ ಶುರು ಮಾಡಿದ್ದ, ಮುಗಿಸುವಷ್ಟರಲ್ಲಿ ನೋಟವನ್ನು ಮಷಿನ್ನಿಗೆ ಇಳಿಸಿದ. ಟಿಕೆಟ್ ಕೊಡುವಾಗ ಅವನ ಬೆರಳು ಅವಳ ಅಂಗೈಯಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು.

ಬಸುರಿನ ನಾಲ್ಕನೇ ತಿಂಗಳಲ್ಲಿ ಮಗು ಹೋಗಿತ್ತು. ಆಸ್ಪತ್ರೆಯಿಂದ ಅವಳು ನೇರ ಯಲ್ಲಾಪುರದ ತವರಿಗೆ ಬಂದಿದ್ದಳು. ಅವನು ಮೂರನೇ ದಿನವೇ ಡ್ಯೂಟಿಗೆ ಹೋದ. ದಿನಾ ಸಂಜೆ 'ಊಟ ಆಯ್ತಾ?' ಎಂದೊಂದು ಮೆಸೇಜು, ಅಷ್ಟೇ. ಅವನಿಗದು ಮುಗಿದ ಕತೆ ಎಂದುಕೊಂಡಿದ್ದಳು. ಉಳಿದ ಬಟ್ಟೆ ತರಲೆಂದು ಇವತ್ತು ಶಿರಸಿಯ ತಮ್ಮ ಮನೆಗೆ ಹೊರಟಿದ್ದಳು. ಇದು ಅವನ ಬಸ್ಸೆಂದು ಗೊತ್ತಿತ್ತು, ಗೊತ್ತಿದ್ದೇ ಹತ್ತಿದ್ದಳು.

ಮಂಚಿಕೇರಿಯಲ್ಲಿ ಎಲ್ಲರೂ ಚಹಾಕ್ಕೆ ಇಳಿದರು. ಉಲ್ಲಾಸ ಬಂದು ಪಕ್ಕದಲ್ಲಿ ಕೂತ.

"ಭೂಮಿ, ಬೈಯೋದಿದ್ರೆ ಬೈದುಬಿಡು."

"ಎಂತಕ್ಕೆ?"

"ಆ ಭಾನುವಾರ ಹುಲೇಕಲ್ ರಸ್ತೇಲಿ ನಿನ್ನ ಹಿಂದೆ ಕೂರಿಸ್ಕೊಂಡು ಬೈಕ್ ಗುಂಡಿಗೆ ಹಾಕಿದ್ನಲ್ಲ. ಡಾಕ್ಟ್ರು ಅದ್ರಿಂದಲ್ಲ ಅಂದ್ರು. ಆದ್ರೂ ನಿನ್ನ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ."

ಅವಳು ಅವನನ್ನೇ ನೋಡಿದಳು. "ನಾನು ನೀರಿನ ಕೊಡ ಎತ್ತಿದ್ದಕ್ಕೆ ಹೀಗಾಯ್ತು ಅಂದ್ಕೊಂಡಿದ್ದೆ. ನೀವೂ ಹಾಗೇ ಅಂದ್ಕೊಂಡು ಮಾತು ಬಿಟ್ರಿ ಅಂತ..."

"ಹುಚ್ಚಿ! ನಿನ್ನ ಮೇಲೆ ತಪ್ಪು ಹಾಕ್ತೇನಾ ನಾನು?"

"ಹೇಳದಿದ್ರೆ ಹೇಗೆ ಗೊತ್ತಾಗ್ಬೇಕು? ಒಂದ್ಸಲನೂ ಅಳ್ಲಿಲ್ಲ ನೀವು."

"ಕೊನೇ ಟ್ರಿಪ್ಪಲ್ಲಿ, ಬಸ್ ಖಾಲಿಯಾದ ಮೇಲೆ ಅಳ್ತೆ." ಅವನು ತಲೆ ತಗ್ಗಿಸಿದ. "ಬಸುರಿಯರು ಹತ್ತಿದ್ರೆ ನನ್ನ ಸೀಟು ಬಿಟ್ಕೊಡ್ತೆ. ಆಮೇಲೆ ಆ ಕಡೆ ನೋಡೋಕೇ ಆಗೋದಿಲ್ಲ."

ಅವಳು ಅವನ ಖಾಕಿ ತೋಳನ್ನು ಬಳಸಿ ಹಿಡಿದಳು. ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಜನ ಒಬ್ಬೊಬ್ಬರಾಗಿ ಹತ್ತತೊಡಗಿದಾಗ ಅವನು ಏಳಹೋದ.

"ಕೂತ್ಕಳಿ. ನೋಡಿದ್ರೆ ನೋಡ್ಲಿ," ಎಂದಳು.

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಹಾರನ್ ಹೊಡೆಯದೆ ಸುಮ್ಮನೆ ಕಾದ.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಹಿಂಜರಿಯುತ್ತ ಕೇಳಿದ, "ಸಂಜೆ ಬಸ್ಸಿಗೆ ವಾಪಸ್ ಹೋಗ್ತೀಯಾ?"

"ಇಲ್ಲ. ಅಮ್ಮಂಗೆ ಫೋನ್ ಮಾಡಿ ಹೇಳ್ತೆ. ಅಡುಗೆ ಎಂತ ಮಾಡ್ಲಿ?"

"ನೀನು ಮಾಡ್ಬೇಡ. ನಾನು ಬಂದು ಮಾಡ್ತೆ. ನೀನು ಅಲ್ಲೇ ಕೂತು ಮಾತಾಡ್ತಾ ಇರು."

"ಎಂತ ಮಾತಾಡ್ಲಿ?"

"ನಮ್ಮ ಮಗೂದು," ಎಂದ ಉಲ್ಲಾಸ. "ಏನೇನು ಆಸೆ ಇಟ್ಕೊಂಡಿದ್ಯೋ, ಎಲ್ಲಾ ಹೇಳು. ನಂದೂ ಇದೆ."