ಪಕ್ಕದ ಮನೆಯ ಮಗು

"ಈ ಮಗು ಯಾರದು?"

ವಯಸ್ಸಾದವರಿಗೆಂದೇ ಕಟ್ಟಿದ ಬಡಾವಣೆಯ ಕಚೇರಿಯಲ್ಲಿ ಮೇಲ್ವಿಚಾರಕನು ಹೀಗೆ ಕೇಳಿದಾಗ, ಬಟ್ಟೆ ಹೊಲಿದು ಬದುಕುವ ಆ ಹೆಂಗಸಿನ ಎದೆ ಧಸಕ್ಕೆಂದಿತು. ಅವನ ಕಣ್ಣುಗಳಲ್ಲಿ ಗದರಿಕೆಯಿರಲಿಲ್ಲ... ಅದೇ ಅವಳನ್ನು ಇನ್ನಷ್ಟು ಹೆದರಿಸಿತು!

ಬಡಾವಣೆಯ ಒಂದು ಮನೆಯಲ್ಲಿ ಅವಳ ಅಪ್ಪ ಒಂಟಿಯಾಗಿದ್ದರು. ಜಾರಿಬಿದ್ದ ಮೇಲೆ ಅವರಿಗೆ ಆಸರೆ ಬೇಕಾಗಿತ್ತು. ಮಗಳು ಬಂದು ಇರಬಹುದು. ಶಾಲೆಗೆ ಹೋಗುವ ಮಕ್ಕಳು ಮಾತ್ರ ಅಲ್ಲಿ ವಾಸವಿರಕೂಡದು ಎಂಬುದು ನಿಯಮ.

'ಮೊದಲು ಒಳಗೆ ಸೇರೋಣ, ಆಮೇಲೆ ನೋಡಿಕೊಂಡರಾಯಿತು...'

"ಪಕ್ಕದ ಮನೆ ಮಗು ಸರ್. ಸುಮ್ನೆ ಜೊತೆಗೆ ಬಂತು."

ಪುಟ್ಟಿ ತಾಯಿಯ ಮುಖವನ್ನೊಮ್ಮೆ ನೋಡಿದಳು. ಕಚ್ಚಿದ್ದ ಬಿಸ್ಕತ್ತನ್ನು ಅವಳ ಕೈಗಿಟ್ಟಳು.

"ನಂಗೆ ಸಾಕು, ಆಂಟಿ."

ಗಂಡನನ್ನು ಕಳೆದುಕೊಂಡವಳಿಗೆ 'ಅಮ್ಮ' ಎಂಬ ಒಂದು ಹೆಸರು ಉಳಿದಿತ್ತು. ಅದನ್ನೂ ತಾನೇ ಕಿತ್ತೊಗೆದಿದ್ದಳು.

ಅವಳು ಅಲ್ಲಿರಲು ಕೊಟ್ಟ ಅರ್ಜಿಗೆ ಒಪ್ಪಿಗೆ ಬರುವವರೆಗೆ, ಪ್ರತಿ ಭಾನುವಾರವೂ ಅಪ್ಪನನ್ನು ನೋಡಲು ಇಬ್ಬರೂ ಬಂದರು. ಮೇಲ್ವಿಚಾರಕನು ಅಪ್ಪನ ಬಚ್ಚಲಿನಲ್ಲಿ ಹಿಡಿದು ಏಳಲು ಕಂಬಿ ಹಾಕಿಕೊಟ್ಟನು.

"ನಿಮ್ಮ ತಂದೆಯವರು ನನ್ನ ಸುತ್ತಿಗೆಗೂ ಬುದ್ಧಿ ಹೇಳ್ತಾರೆ ಕಣ್ರೀ!"

ಅವಳು ನಕ್ಕಳು. ಎಷ್ಟೋ ಕಾಲದ ಮೇಲೆ.

ಒಂದು ಸಂಜೆ ಅವನು ತಲೆತಗ್ಗಿಸಿ ಹೇಳಿದನು, "ನೀವು ಭಾನುವಾರ ಮಾತ್ರ ಬರ್ತೀರಿ... ಮಿಕ್ಕ ದಿನ ಕಳೆಯೋದೇ ಇಲ್ಲ."

'ಹೆತ್ತ ಮಗಳನ್ನೇ ಅಲ್ಲವೆಂದವಳು ನಾನು. ಇವರಿಗೆ ಯಾವ ಮುಖ ಹೊತ್ತು ಉತ್ತರ ಕೊಡಲಿ?'

"ಅಂಥ ಮಾತೆಲ್ಲ ಬೇಡ ಸರ್!"

ಅವನ ಮುಖ ಕಂದಿತು. ತನ್ನನ್ನು ಅವಳು ಒಲ್ಲೆನೆಂದಳೆಂದೇ ಅವನು ತಿಳಿದನು.

ಅಷ್ಟರಲ್ಲಿ ಪುಟ್ಟಿ ಮೆಟ್ಟಿಲಿನಿಂದ ಉರುಳಿದಳು. ಮೊಣಕಾಲು ಒಡೆದು ರಕ್ತ!

"ಆಂಟೀ...!"

ಅಂಥ ನೋವಿನಲ್ಲೂ ಮಗು ಆ ಸುಳ್ಳನ್ನು ಮರೆತಿರಲಿಲ್ಲ. ಭಗವಂತ ಯಾವ ತಾಯಿಗೂ ಅಂಥ ಕೂಗು ಕೇಳಿಸದಿರಲಿ.

ಅವಳು ಓಡಿಹೋಗಿ ಮಗುವನ್ನು ಬಾಚಿಕೊಂಡಳು. "ಅಮ್ಮ ಅನ್ನು ಪುಟ್ಟೀ... ಅಮ್ಮ ಅನ್ನು! ಸರ್, ಇವಳು ನನ್ನ ಮಗಳು. ಸುಳ್ಳು ಹೇಳಿದೆ. ನಾಚಿಕೆಯಿಂದ ಸಾಯ್ತಿದ್ದೀನಿ..."

ಅವನು ಕೆಳಗೆ ಕೂತು ಗಾಯ ತೊಳೆದನು.

"ಮೊದಲ ದಿನವೇ ಗೊತ್ತಾಯ್ತು. ಅವಳು ಕಚ್ಚಿದ್ದ ಬಿಸ್ಕತ್ತನ್ನ ನೋಡದೇನೇ ಬಾಯಿಗೆ ಹಾಕ್ಕೊಂಡ್ರಿ. ಪಕ್ಕದ ಮನೆ ಮಗೂದು ಹಾಗೆ ಯಾರು ತಿಂತಾರೆ?"

"ಮತ್ತೆ ಯಾಕೆ ಸುಮ್ನಿದ್ರಿ?"

"ಬಾಯಿ ಬಿಟ್ರೆ ನಿಯಮ ಹೇಳ್ಬೇಕು. ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ... ಈ ಮಗು ಆಂಟಿ ಅಂದಾಗಲೆಲ್ಲ ನಂಗೂ ನಾಚಿಕೆ ಆಗ್ತಿತ್ತು. ಆದ್ರೂ ಬಾಯಿ ಬರಲಿಲ್ಲ."

ಬಾಗಿಲಲ್ಲಿ ಊರುಗೋಲು ಕುಟ್ಟಿದ ಸದ್ದಾಯಿತು.

"ಸಾಕು ಅತ್ತಿದ್ದು!" ಅಪ್ಪ ಗುಡುಗಿದರು. "ಮೊಮ್ಮಗಳಿಗೆ ಜಾಗ ಇಲ್ಲದ ಮನೆ ನನಗ್ಯಾಕೆ? ಹೊರಗೆಲ್ಲಾದ್ರೂ ಒಂದು ಮನೆ ನೋಡಮ್ಮ, ಒಟ್ಟಿಗೆ ಇರೋಣ. ಆ ಕಂಬಿ ಮಾತ್ರ ಬಿಟ್ಟು ಬರಲ್ಲ, ಗಟ್ಟಿಯಾಗಿದೆ!"

ಮೇಲ್ವಿಚಾರಕನು ಅವಳ ಕಡೆಗೆ ತಿರುಗಿದನು. "ಆ ಮನೇಲಿ ಕಂಬಿ ಹಾಕೋಕೆ... ನಾನು ಬರಬಹುದಾ?"

"ಬನ್ನಿ." ಅವಳ ಕಣ್ಣು ತುಂಬಿತು. "ಹಾಕಿ ಹೊರಟುಬಿಡ್ಬೇಡಿ."

ಪುಟ್ಟಿ ಅವಳ ಕಿವಿಯ ಬಳಿ ಬಾಯಿ ತಂದಳು.

"ಇನ್ಮೇಲೆ ಎಲ್ಲರ ಎದುರಿಗೂ ಕರೀಬಹುದಾ... ಅಮ್ಮಾ?"