ಕದಲದ ಚೂರುಗಳು

"ಅಕ್ಕಾ, ಮಿಷನ್ ನಿಲ್ಲಿಸು. ಮೇಲಿನ ಹಾಲಿಗೆ ಬಾ. ಇವರ ಮೇಲೆ ಹೊರಿಸ್ತಾ ಇದ್ದಾರೆ."

ಟೈಲರಕ್ಕ ತಕ್ಷಣ ಏಳಲಿಲ್ಲ. ತೋಳಿನ ಹೊಲಿಗೆಯನ್ನು ಕೊನೆ ಮುಟ್ಟಿಸಿ, ದಾರ ಕತ್ತರಿಸಿ, ಆಮೇಲೆ ತಂಗಿಯ ಮುಖ ನೋಡಿದಳು. "ಏನಂತ ಹೊರಿಸ್ತಾ ಇದ್ದಾರೆ?"

"ಪೆಟ್ಟಿಗೆ ಒಳಗಿನ ಕೋಟೆ ಪುಡಿಯಾಗಿದೆ. ಇವರು ಮೆಟ್ಟಿಲ ಮೇಲೆ ಬೀಳಿಸಿದ್ರಂತೆ. ಹನ್ನೆರಡಕ್ಕೆ ಹೆಡ್‌ಮಿಸ್ ಬರ್ತಾರೆ. ಅವರ ಹತ್ರಾನೂ ಸರ್ವೇಯರ್ ಹಾಗೇ ಹೇಳ್ತಾರಂತೆ."

ಗಡಿಯಾರದಲ್ಲಿ ಹನ್ನೊಂದು ಹತ್ತಾಗಿತ್ತು.

ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಯಾರದೇ ಬೀಗದ ಕೈ ಕಳೆದರೂ, ಯಾರದೇ ಬಟ್ಟೆ ಹಗ್ಗ ಕಡಿದು ಬಿದ್ದಿದ್ದರೂ, ದೂರು ಬಂದು ನಿಲ್ಲುತ್ತಿದ್ದುದು ಮೆಟ್ಟಿಲ ಕೆಳಗಿನ ಟೈಲರಕ್ಕನ ಅಂಗಡಿಯ ಮುಂದೆ. ಪಕ್ಕದಲ್ಲಿ ಕೂತು ಗುಂಡಿ ಹಾಕುವ ತಂಗಿ ಇಂಥ ಎಷ್ಟೋ ಪಂಚಾಯಿತಿ ನೋಡಿದ್ದಳು. ಆದರೆ ತನ್ನ ಮನೆಯ ಮರ್ಯಾದೆಯೇ ಅಲ್ಲಿಗೆ ಬಂದದ್ದು ಇದೇ ಮೊದಲು.

ತಂಗಿಯ ಗಂಡ ಬಡಗಿ. ಎರಡನೇ ಮಹಡಿಯ ಹಾಲಿನಲ್ಲಿ ಬೆರಳುದ್ದದ ಸೀಸದ ಸೈನಿಕರನ್ನಿಟ್ಟು ಯುದ್ಧದಾಟ ಆಡುವವರ ಒಂದು ಗುಂಪಿತ್ತು. ಊರೂರಿಗೆ ಹೊತ್ತೊಯ್ಯಬಹುದಾದ ರಣರಂಗವೊಂದು ಬೇಕು ಎಂದು ಅವರು ಕೇಳಿದ್ದರು. ಅವನು ನಲವತ್ತು ದಿನ ಕೂತು ಎರಡು ಪ್ಲೈವುಡ್ ತಟ್ಟೆಗಳಿಗೆ ಕೀಲು ಕೂಡಿಸಿ, ಸೂಟ್‌ಕೇಸಿನಂತೆ ಮುಚ್ಚುವ ಪೆಟ್ಟಿಗೆ ಮಾಡಿಕೊಟ್ಟಿದ್ದ. ಒಂದು ತಟ್ಟೆಯಲ್ಲಿ ಗುಡ್ಡವಿದ್ದರೆ, ಮುಚ್ಚಿದಾಗ ಅದರ ಎದುರು ಬರುವ ಜಾಗದಲ್ಲಿ ಹಳ್ಳ. ಎಡಗಡೆ ಗುಡ್ಡದ ಮೇಲೆ ಕೋಟೆ, ಬಲಗಡೆ ಅದಕ್ಕೆ ಸರಿಯಾಗಿ ಆಳವಾದ ಕೆರೆ. ಕೋಟೆಯನ್ನು ಥರ್ಮಾಕೋಲಿನಲ್ಲಿ ಕೆತ್ತಿ, ಬ್ರಷ್ಷಿನಲ್ಲಿ ಬಿಳಿ ಅಂಟು ಬಳಿದು, ಒಂದೊಂದು ಕಲ್ಲಿಗೂ ಬಣ್ಣ ಕೊಟ್ಟವರು ಡ್ರಾಯಿಂಗ್ ಮೇಡಂ.

ಅದೇ ಪೆಟ್ಟಿಗೆಯನ್ನು ನೋಡಿ, ಬಡಗಿಯನ್ನು ಶಾಲೆಯ ಕೈಕೆಲಸದ ಮೇಷ್ಟ್ರಾಗಿ ತೆಗೆದುಕೊಳ್ಳಬೇಕೋ ಬೇಡವೋ ಎಂದು ಹೆಡ್‌ಮಿಸ್ ತೀರ್ಮಾನ ಮಾಡುವವರಿದ್ದರು. ಅವನ ಕಾರ್ಖಾನೆಯ ಕೋಣೆಯನ್ನು ಈ ತಿಂಗಳೇ ಖಾಲಿ ಮಾಡಬೇಕಿತ್ತು. ಬೇರೆ ದಾರಿ ಇರಲಿಲ್ಲ.

ನಡುಮೆಟ್ಟಿಲಲ್ಲಿ ತಂಗಿ ಅಕ್ಕನ ಸೆರಗು ಹಿಡಿದು ನಿಲ್ಲಿಸಿದಳು. "ಅಕ್ಕ, ಒಂಬತ್ತಕ್ಕೆ ಇವರು ಪೆಟ್ಟಿಗೆ ಹೊತ್ಕೊಂಡು ಹೋಗುವಾಗ ಇಲ್ಲೇ ಧಡ್ ಅಂತ ಶಬ್ದ ಬಂತು. ಅಡುಗೆಮನೆಯಿಂದ ನಾನೇ ಕೇಳಿಸ್ಕೊಂಡೆ."

"ಅವನನ್ನ ಕೇಳಿದ್ಯಾ?"

"ಧೈರ್ಯ ಬರಲಿಲ್ಲ."

"ಸರಿ. ನಾನು ಕೇಳ್ತೀನಿ. ನಮ್ಮವನು ಅಂತ ಮುಚ್ಚಿಟ್ರೆ, ಆಮೇಲೆ ನನ್ನ ಮಾತನ್ನ ಯಾರೂ ನಂಬಲ್ಲ."

ಹಾಲಿನ ಕಿಟಕಿಗಳೆಲ್ಲ ತೆರೆದಿದ್ದವು. ಚಳಿಗಾಳಿಗೆ ಮೇಜಿನ ಮೇಲಿನ ಕಾಗದದ ಬಾವುಟಗಳು ಪಟಪಟಿಸುತ್ತಿದ್ದವು. ಬಡಗಿ ಮೊಣಕಾಲೂರಿ ಪೆಟ್ಟಿಗೆಯ ಅಂಚನ್ನು ಟೇಪಿನಿಂದ ಅಳೆಯುತ್ತಿದ್ದ. ಹೆಂಡತಿ ಬಂದರೂ ತಲೆ ಎತ್ತಲಿಲ್ಲ. ಡ್ರಾಯಿಂಗ್ ಮೇಡಂ ಕಣ್ಣು ಕೆಂಪಾಗಿತ್ತು. ಎದುರು ಪಡೆಯ ಸೇನಾಪತಿಯಾದ ಔಷಧಿ ಅಂಗಡಿಯವರು ಕೈಕಟ್ಟಿ ನಿಂತಿದ್ದರು. ಗುಂಪಿನ ಯಜಮಾನರಾದ ನಿವೃತ್ತ ಸರ್ವೇಯರ್ ಉಣ್ಣೆ ಕೋಟು ತೊಟ್ಟು ಅತ್ತಿಂದಿತ್ತ ಓಡಾಡುತ್ತಿದ್ದರು.

"ಪತ್ತೆ ಮಾಡೋಕೆ ಏನಿದೆಯಮ್ಮ?" ಎಂದರು ಅವರು. "ಒಂಬತ್ತಕ್ಕೆ ತಂದು ಗೋಡೆಗೆ ನಿಲ್ಲಿಸಿದ, ಹಾಲಿನ ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ಹಾಕಿದ, ಹೋದ. ಹತ್ತಕ್ಕೆ ನಾವು ಮೂವರೂ ಒಟ್ಟಿಗೆ ಬಂದ್ವಿ. ನಿಲ್ಲಿಸಿದ್ದು ನಿಲ್ಲಿಸಿದ ಹಾಗೇ ಇತ್ತು. ಮಲಗಿಸಿ, ಎಲ್ಲರೆದುರೇ ತೆಗೆದ್ವಿ. ಹೀಗಿತ್ತು."

ಟೈಲರಕ್ಕ ಬಡಗಿಯ ಕಡೆ ತಿರುಗಿದಳು. "ಮೆಟ್ಟಿಲ ಮೇಲೆ ಏನು ಶಬ್ದ?"

"ಕೈ ಬದಲಾಯಿಸೋಕೆ ಇಳಿಸಿದೆ ಅತ್ತಿಗೆ. ಭಾರ ಇತ್ತು. ಸ್ವಲ್ಪ ಜೋರಾಗೇ ಕೂತ್ಕೊಳ್ತು."

"ಕೇಳಿದ್ರಲ್ಲ!" ಸರ್ವೇಯರ್ ಅಂಗೈ ತಟ್ಟಿದರು. "ಅವನ ಬಾಯಲ್ಲೇ ಬಂತು."

ತಂಗಿ ಗಂಡನ ಮುಖ ನೋಡಿದಳು. ಅಕ್ಕ ಮಾತ್ರ ಕೇಳಿಸದವಳಂತೆ ಪೆಟ್ಟಿಗೆಯ ಮೇಲೆ ಬಗ್ಗಿದಳು. ಗುಡ್ಡದ ಮೇಲೆ ಕೋಟೆಯ ಚೂರುಗಳು ಉಂಗುರದಂತೆ ಬಿದ್ದಿದ್ದವು. ಬಳಿದುಕೊಳ್ಳಲು ಅಂಗೈ ಆಡಿಸಿದಳು, ಚೂರುಗಳು ಮೇಲೇಳಲಿಲ್ಲ. ಉಗುರಿನಿಂದ ಒಂದೆರಡನ್ನು ಎಬ್ಬಿಸಿ ಬೆಳಕಿಗೆ ಹಿಡಿದಳು. ಹೊರಗೆ ಬಣ್ಣದ ಸಿಪ್ಪೆ, ಒಳಗೆ ನುಣ್ಣನೆಯ ಗುಳಿ.

"ಮೇಡಂ, ಕೋಟೆ ಎಷ್ಟು ದೊಡ್ಡದಿತ್ತು?"

"ಎರಡು ಕೈಯಲ್ಲಿ ತಬ್ಬಿ ಎತ್ತಬೇಕಿತ್ತು."

"ಚೂರೆಲ್ಲ ಸೇರಿದ್ರೂ ಒಂದು ಹಿಡಿ ಆಗಲ್ವಲ್ಲ. ನಿನ್ನೆ ಸಂಜೆ ಇವನ ಕಾರ್ಖಾನೇಲಿ ಪೆಟ್ಟಿಗೆ ಮುಚ್ಚುವಾಗ ಯಾರಾದ್ರೂ ಏನಾದ್ರೂ ಅಂದ್ರಾ?"

"ಕೋಟೆ ಮಂಕಾಗಿದೆ ಅಂದ್ರು ಸರ್ವೇಯರ್ ಸರ್. ಇನ್ನೇನೂ ಹಚ್ಚೋದು ಬೇಡ ಸರ್, ಕಲ್ಲು ಹೊಳೆಯಲ್ಲ ಅಂದೆ."

"ಮಂಕು ಅಂತ ನಾನೂ ಅಂದೆ," ಎಂದರು ಔಷಧಿ ಅಂಗಡಿಯವರು. "ನಾಳೆ ನಿಮ್ಮ ಕೋಟೆ ನೆಲಸಮ ಅಂತಾನೂ ಅಂದೆ. ಹಾಗಂತ ಆಟಕ್ಕೆ ಮುಂಚೇನೇ ಗೆಲ್ಲೋ ಆತುರ ನನಗಿಲ್ಲ. ಹತ್ತರವರೆಗೆ ಅಂಗಡಿ ಮುಂದೆ ಜನ ಸಾಲು ನಿಂತಿದ್ರು. ಬೇಕಾದ್ರೆ ಕೆಮ್ಮೋರನ್ನೆಲ್ಲ ಸಾಕ್ಷಿಗೆ ಕರೆಸ್ತೀನಿ."

"ಈ ಚಳೀಲಿ ಕಿಟಕಿ ತೆಗೆದೋರು ಯಾರು?"

"ಒಂಬತ್ತಕ್ಕೆ ಮುಚ್ಚಿತ್ತು ಅತ್ತಿಗೆ," ಎಂದ ಬಡಗಿ. "ನಾವು ಬಂದಾಗಲೇ ತೆಗೆದಿತ್ತು," ಎಂದರು ಮೇಡಂ.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಟೈಲರಕ್ಕ ಸೂಜಿದಾರ ತೆಗೆದಳು. "ಸರ್, ನಿಮ್ಮ ಬಲತೋಳಿನ ಗುಂಡಿ ನೇತಾಡ್ತಿದೆ. ಹೆಡ್‌ಮಿಸ್ ಮುಂದೆ ಹೀಗೆ ನಿಲ್ತೀರಾ? ಕೊಡಿ, ಎರಡು ಹೊಲಿಗೆ ಹಾಕ್ತೀನಿ. ಏ, ತೋಳು ಹಿಡ್ಕೋ."

ಇಂಥ ಹೊತ್ತಲ್ಲಿ ಗುಂಡಿಯೇ ಎಂದು ತಂಗಿಗೆ ಸಿಟ್ಟು ಬಂತು. ಆದರೂ ಹಿಡಿದಳು. ತೋಳಿನ ತುದಿಯ ಉಣ್ಣೆ ಗಂಜಿ ಹಾಕಿ ಒಣಗಿಸಿದಷ್ಟು ಬಿರುಸಾಗಿತ್ತು. ಸೂಜಿ ಕಿರ್ರೆಂದು ಇಳಿಯಿತು. ಅಕ್ಕ ಎಡತೋಳನ್ನೂ ಒಮ್ಮೆ ಮುಟ್ಟಿ, ಅವಳನ್ನು ನೋಡಿ ಕಣ್ಣಿಳಿಸಿದಳು.

ಹೆಡ್‌ಮಿಸ್ ಬಂದರು. ಸರ್ವೇಯರ್ ಗಂಟಲು ಸರಿಮಾಡಿಕೊಂಡು, "ಒಂದು ಅನಾಹುತ ಆಗಿದೆ..." ಎನ್ನುತ್ತಿದ್ದಂತೆ ಟೈಲರಕ್ಕ ಅಡ್ಡ ಬಂದಳು. "ಅದನ್ನ ನಾನು ಹೇಳ್ತೀನಿ. ಎಲ್ಲರೂ ಹತ್ತಿರ ಬನ್ನಿ."

ಅಕ್ಕತಂಗಿಯರು ಪೆಟ್ಟಿಗೆಯನ್ನು ತೆರೆದಂತೆಯೇ ಎತ್ತಿ, ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದರು. ಮೇಡಂ ಕೈ ಬಾಯಿಗೆ ಹೋಯಿತು. ಒಂದೇ ಒಂದು ಚೂರೂ ಕೆಳಗೆ ಬೀಳಲಿಲ್ಲ.

"ಕೋಟೆ ಮೆಟ್ಟಿಲಲ್ಲೇ ಒಡೆದಿದ್ರೆ, ಆಮೇಲೆ ಒಂದು ಗಂಟೆ ಪೆಟ್ಟಿಗೆ ಹೀಗೇ ನಿಂತಿತ್ತು. ಒಣಚೂರು ಪೂರಾ ಕೆಳಗಿನ ಅಂಚಿಗೆ ಜಾರಿ ಗುಡ್ಡೆ ಬೀಳಬೇಕಿತ್ತು. ಬಿದ್ದಿಲ್ಲ. ಯಾಕಂದ್ರೆ ಒಡೆಯುವಾಗ ಅಲ್ಲಿ ಏನೋ ಹಸಿಯಾಗಿತ್ತು. ಚೂರು ಅದಕ್ಕೇ ಅಂಟಿ ಒಣಗ್ತು. ಅಂದ್ಮೇಲೆ ಇವನು ಇಟ್ಟು ಹೋದ ಮೇಲೆ ಯಾರೋ ಪೆಟ್ಟಿಗೆ ತೆಗೆದಿದ್ದಾರೆ."

"ಏನು ಹಸಿ?" ಎಂದರು ಹೆಡ್‌ಮಿಸ್.

"ಸ್ಪ್ರೇ ವಾರ್ನಿಶ್. ನನ್ನ ಅಂಗಡೀಲಿ ಟೋಪಿ ಇಡೋಕೆ ಒಂದು ಥರ್ಮಾಕೋಲ್ ತಲೆ ಇತ್ತು. ಹೊಳೀಲಿ ಅಂತ ಅದನ್ನೇ ಹೊಡೆದೆ. ನೋಡ್ತಾ ನೋಡ್ತಾ ಮೂಗು ಕರಗಿ ಒಳಗೆ ಹೋಯ್ತು. ಇಲ್ಲೂ ಅಷ್ಟೇ. ಅಂಟು ತಲುಪದ ಸಂದಿಗಳಿಂದ ವಾರ್ನಿಶ್ ಒಳಗಿಳಿದು ಕೋಟೆಯನ್ನ ತಿಂದುಬಿಡ್ತು. ಅದಕ್ಕೇ ಸಿಪ್ಪೆ ಉಳಿದಿದೆ, ತಿರುಳಿಲ್ಲ. ಅದಕ್ಕೇ ಎಲ್ಲಾ ಸೇರಿದ್ರೂ ಒಂದು ಹಿಡಿ. ವಾಸನೆ ಹೋಗಲಿ ಅಂತ ಕಿಟಕಿ."

"ಮೇಡಂ ಕೈಯದ್ದೇ ಇರಬಹುದಲ್ಲ?" ಸರ್ವೇಯರ್ ದನಿ ಸಣ್ಣಗಾಗಿತ್ತು.

"ಬೇಡ ಅಂದವರೇ ಅವರು. ಅಂಗಡಿಯವರ ಮುಂದೆ ಸಾಲು ಜನ. ಕೋಟೆ ಹೊಳೀಬೇಕು ಅಂತ ಆಸೆ ಇದ್ದವರು ನೀವು. ಸ್ಪ್ರೇ ಹೊಡೆಯುವಾಗ ಗಾಳಿ ಹಿಂದಕ್ಕೆ ಬಂದ್ರೆ ಮೊದಲು ಕೂರೋದು ತೋಳಿನ ಮೇಲೆ ಸರ್. ಉಣ್ಣೆ ಕೋಟು, ಬಲತೋಳು ಮಾತ್ರ ರಟ್ಟು. ಎಡತೋಳು ಹತ್ತಿಯಷ್ಟು ಮೆತ್ತಗಿದೆ. ಮುಟ್ಟಿ ನೋಡಲಿ, ಯಾರು ಬೇಕಾದ್ರೂ."

ಯಾರೂ ಮುಟ್ಟಲಿಲ್ಲ. ಸರ್ವೇಯರ್ ತಾವೇ ಎಡಗೈಯಿಂದ ಬಲತೋಳನ್ನು ಸವರಿ ನೋಡಿಕೊಂಡರು. ಆಮೇಲೆ ಬೆಂಚಿನ ಮೇಲೆ ಕುಸಿದರು.

"ಚೆಂದ ಕಾಣಲಿ ಅಂತ," ಎಂದರು. "ಗೋಪುರ ಕಣ್ಣೆದುರೇ ಕುಗ್ಗಿತು. ಏನು ಮಾಡಬೇಕೋ ತೋಚಲಿಲ್ಲ. ಒಡೆದ ಹಾಗೆ ಕಾಣಲಿ ಅಂತ ಅಂಗೈಯಲ್ಲಿ ಅಮುಕಿಬಿಟ್ಟೆ. ಮುಟ್ಟಬೇಡಿ ಮುಟ್ಟಬೇಡಿ ಅಂತ ಎಲ್ಲರಿಗೂ ಬೈದವನು ನಾನೇ. ಯಾವ ಮುಖ ಇಟ್ಕೊಂಡು ಹೇಳಲಿ?"

"ನಮ್ಮವನ ಮುಖ ಇತ್ತಲ್ಲ, ಸಾಲ ತಗೊಂಡ್ರಿ," ಎಂದಳು ಟೈಲರಕ್ಕ.

ಹೆಡ್‌ಮಿಸ್ ಪೆಟ್ಟಿಗೆಯನ್ನು ಮಲಗಿಸಲು ಹೇಳಿ, ತಾವೇ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಕೀಲು ಸದ್ದು ಮಾಡಲಿಲ್ಲ. ಕೆರೆಯ ಆಳಕ್ಕೆ ಬೆರಳಿಟ್ಟು ನೋಡಿ, ಬಡಗಿಯನ್ನು ಕೇಳಿದರು: "ಸೋಮವಾರ ಎಂಟಕ್ಕೆ ಬರೋಕಾಗುತ್ತಾ? ಮಕ್ಕಳು ಗದ್ದಲ ಮಾಡ್ತಾರೆ, ಮೊದಲೇ ಹೇಳಿದೀನಿ."

"ಬರ್ತೀನಿ ಮೇಡಂ," ಎಂದ ಅವನು.

ಮೆಟ್ಟಿಲಿಳಿಯುವಾಗ ಅಕ್ಕ ಬೇಕೆಂದೇ ಮುಂದೆ ಹೋದಳು. ನಡುಮೆಟ್ಟಿಲಲ್ಲಿ ತಂಗಿ ನಿಂತಳು. ಗಂಡ ಇಳಿದು ಬರುವವರೆಗೆ ಕಾದಳು.

"ಧಡ್ ಅಂದಾಗ ನನಗೂ ಅನುಮಾನ ಬಂತು ರೀ. ನೀವೇ ಬೀಳಿಸಿದ್ರಿ ಅಂದ್ಕೊಂಡೆ."

ಅವನು ಟೇಪನ್ನು ಜೇಬಿಗೆ ಸೇರಿಸುತ್ತ ಅವಳ ಕಡೆ ನೋಡಿದ.

"ನನಗೂ ಬಂತು ಕಣೇ," ಎಂದ. "ಇಲ್ಲದಿದ್ರೆ ಎರಡು ಗಂಟೆ ಯಾಕೆ ಅಳೀತಾ ಕೂತಿರ್ತಿದ್ದೆ?"